ಪಶು ಆಹಾರದ ವಿಶ್ಲೇಷಣೆಯಲ್ಲಿ ಶರ್ಕರಪಿಷ್ಟಗಳು: ಅಳತೆ ಮತ್ತು ವರದಿ

ದನಕರುಗಳ ಆಹಾರದಲ್ಲಿ ಅತ್ಯಧಿಕ ಪ್ರಮಾಣದಲ್ಲಿರುವ ಪದಾರ್ಥವೆಂದರೆ ಶರ್ಕರಪಿಷ್ಟ. ಹುಲ್ಲು, ಸೊಪ್ಪೆ, ಹಸಿರು ಮೇವು, ಬೂಸ, ಧಾನ್ಯ ಇವುಗಳ ಒಣ ಪದಾರ್ಥದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು, ಕೆಲವು ವೇಳೆ ಅದಕ್ಕೂ ಮೀರಿ, ಈ ವರ್ಗಕ್ಕೆ ಸೇರಿದುದಾಗಿರುತ್ತದೆ. ಆದರೂ ವಿಶ್ಲೇಷಣಾ ವರದಿಗಳಲ್ಲಿ ಅತ್ಯಂತ ಅಸ್ಪಷ್ಟವಾಗಿ ನಮೂದಾಗುವ ಅಂಶವೂ ಇದೇ ಆಗಿದೆ. ಒಂದು ವರದಿಯಲ್ಲಿ ಇದನ್ನು ‘ಸಾರಜನಕರಹಿತ ಸಾರ’ವೆಂದು ಕರೆದಿದ್ದರೆ, ಇನ್ನೊಂದರಲ್ಲಿ ‘ನಾರಲ್ಲದ ಶರ್ಕರಪಿಷ್ಟ’ವೆಂದೂ ಮತ್ತೊಂದರಲ್ಲಿ ಬರಿಯ ‘ಶರ್ಕರಪಿಷ್ಟ’ವೆಂದೂ ಬರೆದಿರುತ್ತಾರೆ. ಹೆಸರು ಬೇರೆಯಾದಂತೆ ಅಂಕಿಯೂ ಬೇರೆಯಾಗುತ್ತದೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ದಕ್ಷಿಣ ಕರ್ನಾಟಕದ ರೈತನೊಬ್ಬನ ಬಣವೆಯಿಂದ ರಾಗಿ ಹುಲ್ಲಿನ ಮಾದರಿಯೊಂದನ್ನು ತೆಗೆದು, ಚೆನ್ನಾಗಿ ಬೆರೆಸಿ, ಎರಡು ಪಾಲು ಮಾಡಿ ಎರಡು ಪ್ರಯೋಗಶಾಲೆಗಳಿಗೆ ಕಳುಹಿಸಿದೆವೆಂದು ಭಾವಿಸೋಣ. ಒಂದು ಕಡೆಯಿಂದ ಬಂದ ವರದಿಯಲ್ಲಿ ಶರ್ಕರಪಿಷ್ಟ ಶೇಕಡ 52 ಎಂದಿದೆ. ಇನ್ನೊಂದು ಕಡೆಯದರಲ್ಲಿ ಶೇಕಡ 16 ಎಂದಿದೆ. ಎರಡೆಡೆಯಲ್ಲಿಯೂ ಕೆಲಸ ಶ್ರದ್ಧೆಯಿಂದಲೇ ನಡೆದಿದೆ. ತಕ್ಕಡಿಯಲ್ಲಿ ದೋಷವಿಲ್ಲ, ದ್ರಾವಣಗಳಲ್ಲಿ ದೋಷವಿಲ್ಲ. ಹಾಗಾದರೆ ಯಾವುದು ನಿಜ? ತಮ್ಮ ತಮ್ಮ ಪದ್ಧತಿಯ ಮಟ್ಟಿಗೆ ಎರಡೂ ನಿಜ. ದೋಷವಿರುವುದು ಅಂಕಿಯಲ್ಲಲ್ಲ, ಆ ಅಂಕಿಯನ್ನು ಪಡೆದ ಬಗೆಯನ್ನು ತಿಳಿಸದ ವರದಿಯಲ್ಲಿ.

ಶರ್ಕರಪಿಷ್ಟದ ಅಂಕಿಗೆ ಅದನ್ನು ಪಡೆದ ಪದ್ಧತಿಯಿಂದ ಬೇರೆಯಾದ ಅರ್ಥವಿಲ್ಲ ಎಂಬುದನ್ನೂ, ಅನೇಕ ವೇಳೆ ಅದು ಅಳೆದ ಅಂಕಿಯೇ ಆಗಿರದೆ ಕಳೆದು ಉಳಿದ ಅಂಕಿಯಾಗಿರುತ್ತದೆ ಎಂಬುದನ್ನೂ ತೋರಿಸಿಕೊಡುವುದು ಪ್ರಕೃತ ಲೇಖನದ ಉದ್ದೇಶ.

1. ಶರ್ಕರಪಿಷ್ಟಗಳ ವರ್ಗ

ಇಂಗಾಲದೊಡನೆ ಜಲಜನಕ ಮತ್ತು ಆಮ್ಲಜನಕಗಳು ನೀರಿನಲ್ಲಿರುವ ಪ್ರಮಾಣದಲ್ಲಿಯೇ ಸೇರಿ ಆಗಿರುವ ವಸ್ತುಗಳೆಂದು ಹಿಂದೆ ಇವುಗಳಿಗೆ ಲಕ್ಷಣವನ್ನು ಹೇಳುತ್ತಿದ್ದರು. ಪಶುಪೋಷಣೆಯ ದೃಷ್ಟಿಯಿಂದ ಈ ಲಕ್ಷಣ ಸಾಲದು. ಇಲ್ಲಿ ಮುಖ್ಯವಾದ ಪ್ರಶ್ನೆಗಳು ಎರಡು: ವಸ್ತುವು ಸಸ್ಯಕೋಶದ ಒಳಗಿದೆಯೋ ಅಥವಾ ಕೋಶದ ಗೋಡೆಯಲ್ಲಿದೆಯೋ, ಪ್ರಾಣಿಯು ತನ್ನ ಸ್ವಂತ ಕಿಣ್ವಗಳಿಂದ ಅದನ್ನು ಒಡೆಯಬಲ್ಲದೋ ಇಲ್ಲವೋ.

ಕೋಶದ ಒಳಗೆ ಗ್ಲೂಕೋಸು, ಫ್ರಕ್ಟೋಸು, ಸುಕ್ರೋಸು ಮೊದಲಾದ ಸಕ್ಕರೆಗಳೂ ಪಿಷ್ಟವೂ ಇರುತ್ತವೆ. ಕೋಶದ ಗೋಡೆಯಲ್ಲಿ ಸೆಲ್ಯುಲೋಸು, ಹೆಮಿಸೆಲ್ಯುಲೋಸು, ಪೆಕ್ಟಿನ್ನು ಮುಂತಾದುವು ಇವೆ. ಅವುಗಳೊಡನೆ ಲಿಗ್ನಿನ್ನೂ ಬೆಸೆದುಕೊಂಡಿರುತ್ತದೆ. ಆದರೆ ಲಿಗ್ನಿನ್ನು ಶರ್ಕರಪಿಷ್ಟವಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಪಿಷ್ಟವೂ ಸೆಲ್ಯುಲೋಸೂ ಗ್ಲೂಕೋಸಿನ ಅಣುಗಳ ಸರಪಣಿಗಳೇ. ಪಿಷ್ಟದಲ್ಲಿ ಆ ಅಣುಗಳು ಆಲ್ಫಾ ಬಂಧದಿಂದಲೂ ಸೆಲ್ಯುಲೋಸಿನಲ್ಲಿ ಬೀಟಾ ಬಂಧದಿಂದಲೂ ಕೂಡಿಕೊಂಡಿವೆ. ಈ ಸಣ್ಣ ವ್ಯತ್ಯಾಸದಿಂದಾಗಿಯೇ ಕೋಳಿಯು ಜೋಳದ ಕಾಳನ್ನು ಅರಗಿಸಿಕೊಳ್ಳುತ್ತದೆ, ಜೋಳದ ದಂಟನ್ನು ಅರಗಿಸಿಕೊಳ್ಳಲಾರದು.

ಮೆಲುಕು ಹಾಕುವ ಪ್ರಾಣಿಗಳ ಸಂಗತಿ ಬೇರೆ. ದನ, ಎಮ್ಮೆ, ಕುರಿ, ಮೇಕೆಗಳ ಮೊದಲನೆಯ ದೊಡ್ಡ ಹೊಟ್ಟೆಯಾದ ರೂಮೆನ್‌ನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಸೆಲ್ಯುಲೋಸನ್ನೂ ಹೆಮಿಸೆಲ್ಯುಲೋಸನ್ನೂ ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಪ್ರಾಣಿಯ ಶಕ್ತಿಯ ಬಹುಪಾಲು ಈ ಆಮ್ಲಗಳಿಂದಲೇ ಒದಗುತ್ತದೆ. ಆದರೆ ನಾರು ಹುದುಗುವ ವೇಗ ಬೇರೆ, ಪಿಷ್ಟ ಹುದುಗುವ ವೇಗ ಬೇರೆ. ಮದುವೆಯ ಮನೆಯ ಮಿಕ್ಕ ಅನ್ನವನ್ನು ಕಡಾಯಿಗಟ್ಟಲೆ ತಿಂದ ಹಸು ಹೊಟ್ಟೆಯುಬ್ಬಿ ಮಲಗುವುದನ್ನು ಹಳ್ಳಿಗಳಲ್ಲಿ ಕಾಣದವರಿಲ್ಲ. ಅನ್ನದ ಪಿಷ್ಟವು ರೂಮೆನ್‌ನಲ್ಲಿ ಅತಿ ಶೀಘ್ರವಾಗಿ ಹುದುಗಿ, ಲ್ಯಾಕ್ಟಿಕ್ ಆಮ್ಲವು ಶೇಖರವಾಗಿ, ಒಳಗಿನ ಆಮ್ಲತೆ ಅಪಾಯದ ಮಟ್ಟವನ್ನು ಮುಟ್ಟುವುದೇ ಅದಕ್ಕೆ ಕಾರಣ. ಅಷ್ಟೇ ತೂಕದ ಹುಲ್ಲನ್ನು ತಿಂದಿದ್ದರೆ ಇಂತಹ ಆಪತ್ತು ಒದಗುತ್ತಿರಲಿಲ್ಲ. ಅನ್ನವೂ ಹುಲ್ಲೂ ಪ್ರಧಾನವಾಗಿ ಶರ್ಕರಪಿಷ್ಟಗಳೇ. ಇವೆರಡನ್ನೂ ಒಂದೇ ಹೆಸರಿನ ಕೆಳಗೆ ಒಂದೇ ಅಂಕಿಯಾಗಿ ಬರೆದರೆ, ತಿಳಿಯಬೇಕಾದ ಮುಖ್ಯ ವಿಷಯವೇ ಮುಚ್ಚಿಹೋಗುತ್ತದೆ.

2. ವೇಂಡೆ ಪದ್ಧತಿ: ಕಳೆದು ಉಳಿದ ಅಂಕಿ

ಆಹಾರದ ಸ್ಥೂಲ ವಿಶ್ಲೇಷಣೆಗೆ ಇಂದಿಗೂ ತಳಹದಿಯಾಗಿರುವುದು ಜರ್ಮನಿಯ ಗಟಿಂಗೆನ್ ನಗರದ ಸಮೀಪದಲ್ಲಿದ್ದ ವೇಂಡೆ ಪ್ರಯೋಗ ಕೇಂದ್ರದಲ್ಲಿ 1860ರ ದಶಕದಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಎಂಬ ವಿಜ್ಞಾನಿಗಳು ರೂಪಿಸಿದ ಪದ್ಧತಿ. ಅದರ ಪ್ರಕಾರ ಆಹಾರವನ್ನು ಆರು ಭಾಗಗಳಾಗಿ ವಿಂಗಡಿಸುತ್ತಾರೆ: ತೇವ, ಬೂದಿ, ಕಚ್ಚಾ ಪ್ರೋಟೀನು, ಈಥರ್ ಸಾರ, ಕಚ್ಚಾ ನಾರು, ಸಾರಜನಕರಹಿತ ಸಾರ. ಮೊದಲಿನ ಐದನ್ನು ಪ್ರಯೋಗದಿಂದ ಕಂಡುಹಿಡಿಯುತ್ತಾರೆ. ಆರನೆಯದನ್ನು ಯಾರೂ ಅಳೆಯುವುದಿಲ್ಲ. ಐದನ್ನೂ ಕೂಡಿ ನೂರರಿಂದ ಕಳೆದಾಗ ಉಳಿಯುವುದೇ ಸಾರಜನಕರಹಿತ ಸಾರ. ಇದನ್ನೇ ಪಿಷ್ಟ ಮತ್ತು ಸಕ್ಕರೆಗಳ ಪ್ರಮಾಣವೆಂದು ವಾಡಿಕೆಯಾಗಿ ತಿಳಿಯುತ್ತ ಬಂದಿದ್ದಾರೆ.

ಹೀಗೆ ಕಳೆದು ಪಡೆದ ಅಂಕಿಗೆ ಎರಡು ದೌರ್ಬಲ್ಯಗಳಿವೆ. ಮೊದಲನೆಯದಾಗಿ, ಉಳಿದ ಐದು ಅಳತೆಗಳ ತಪ್ಪುಗಳೆಲ್ಲ ಇದರಲ್ಲಿ ಬಂದು ಸೇರುತ್ತವೆ. ಒಂದೊಂದರಲ್ಲಿಯೂ 0.5ರಷ್ಟು ತಪ್ಪು ಒಂದೇ ದಿಕ್ಕಿನಲ್ಲಿ ಆಗಿದ್ದರೆ ಉಳಿಕೆಯಲ್ಲಿ 2.5ರಷ್ಟು ತಪ್ಪಾಗುತ್ತದೆ. ತಪ್ಪುಗಳು ಬೇರೆ ಬೇರೆ ದಿಕ್ಕಿನಲ್ಲಿದ್ದು ಪರಸ್ಪರ ಸ್ವಲ್ಪ ತಗ್ಗಿದರೂ ಸುಮಾರು 1.1ರಷ್ಟಾದರೂ ಉಳಿಯುವ ಸಂಭವವಿದೆ. ಎರಡನೆಯದಾಗಿ, ಐದು ಭಾಗಗಳಲ್ಲಿ ಎಲ್ಲಿಯೂ ಸೇರದ ವಸ್ತುಗಳೆಲ್ಲ ಶರ್ಕರಪಿಷ್ಟದ ವೇಷದಲ್ಲಿ ಇಲ್ಲಿ ಬಂದು ನಿಲ್ಲುತ್ತವೆ. ಸೇಂದ್ರಿಯ ಆಮ್ಲಗಳು, ಟ್ಯಾನಿನ್ನುಗಳು, ಕರಗಿದ ಲಿಗ್ನಿನ್ನು ಇವೆಲ್ಲ ಆ ಬಗೆಯವು. ರಸಮೇವಿನಲ್ಲಿರುವ ಲ್ಯಾಕ್ಟಿಕ್ ಆಮ್ಲವೂ ಹೀಗೆಯೇ ಶರ್ಕರಪಿಷ್ಟವೆನಿಸಿಕೊಳ್ಳುತ್ತದೆ.

ಪ್ರೋಟೀನಿನ ಲೆಕ್ಕದಿಂದಾಗುವ ತೊಡಕು ವಿಶೇಷವಾಗಿ ಗಮನಾರ್ಹವಾದುದು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಯೋಹಾನ್ ಕೆಲ್ಡಾಲ್ ಪ್ರಕಟಿಸಿದ ವಿಧಾನದಿಂದ ಸಾರಜನಕವನ್ನು ಅಳೆದು, ಪ್ರೋಟೀನಿನಲ್ಲಿ ಶೇಕಡ 16ರಷ್ಟು ಸಾರಜನಕವಿದೆಯೆಂಬ ಊಹೆಯ ಮೇಲೆ ಅದನ್ನು 6.25ರಿಂದ ಗುಣಿಸುತ್ತಾರೆ. ಮಿಶ್ರ ಆಹಾರಕ್ಕೆ ಶೇಕಡ 1ರಷ್ಟು ಯೂರಿಯಾವನ್ನು ಬೆರೆಸಿದ್ದರೆ ಏನಾಗುತ್ತದೆ? ಯೂರಿಯಾದಲ್ಲಿ ಸಾರಜನಕ ಸುಮಾರು ಶೇಕಡ 46.7ರಷ್ಟಿದೆ. ಅದನ್ನು 6.25ರಿಂದ ಗುಣಿಸಿದಾಗ ಒಂದು ಪಾಲು ಯೂರಿಯಾ 2.9 ಪಾಲು ಪ್ರೋಟೀನಿನಂತೆ ಕಾಣಿಸಿಕೊಳ್ಳುತ್ತದೆ. ಚೀಲದಲ್ಲಿ ಅದು ಆಕ್ರಮಿಸಿರುವ ಸ್ಥಳ ಒಂದೇ ಪಾಲು. ಉಳಿದ 1.9 ಪಾಲನ್ನು ನಾವು ಅರಿಯದೆಯೇ ಶರ್ಕರಪಿಷ್ಟದಿಂದ ಕಳೆದುಬಿಡುತ್ತೇವೆ. ಆಹಾರದಲ್ಲಿ ಪಿಷ್ಟವು ಒಂದಿಷ್ಟೂ ಕಡಮೆಯಾಗದಿದ್ದರೂ ವರದಿಯಲ್ಲಿ ಕಡಮೆಯಾಗುತ್ತದೆ.

3. ಕಚ್ಚಾ ನಾರಿನ ದೋಷ

ಕಚ್ಚಾ ನಾರನ್ನು ಅಳೆಯುವಾಗ ಜಿಡ್ಡು ತೆಗೆದ ಮಾದರಿಯನ್ನು ಶೇಕಡ 1.25ರ ಗಂಧಕಾಮ್ಲದಲ್ಲಿ ಅರ್ಧ ಗಂಟೆಯೂ, ಅನಂತರ ಶೇಕಡ 1.25ರ ಕಾಸ್ಟಿಕ್ ಸೋಡ ದ್ರಾವಣದಲ್ಲಿ ಅರ್ಧ ಗಂಟೆಯೂ ಕುದಿಸಿ, ಕರಗದೆ ಉಳಿದುದನ್ನು ಒಣಗಿಸಿ ತೂಗಿ, ಸುಟ್ಟು, ಬೂದಿಯ ತೂಕವನ್ನು ಕಳೆಯುತ್ತಾರೆ. ಪ್ರಾಣಿಯ ಹೊಟ್ಟೆಯಲ್ಲಿ ಮೊದಲು ಆಮ್ಲ, ಬಳಿಕ ಕ್ಷಾರ ಆಹಾರದ ಮೇಲೆ ಕೆಲಸ ಮಾಡುವಂತೆಯೇ ಇದೂ ಎಂದು ಭಾವಿಸಲಾಗಿತ್ತು. ಕರಗದೆ ಉಳಿದದ್ದು ಜೀರ್ಣವಾಗದ ನಾರು, ಕರಗಿದ್ದು ಸುಲಭವಾಗಿ ಜೀರ್ಣವಾಗುವ ಸಾರ ಎಂಬ ನಂಬಿಕೆ ಬೆಳೆಯಿತು.

ಈ ನಂಬಿಕೆ ನಿಲ್ಲಲಿಲ್ಲ. ಕುದಿಯುವ ಆಮ್ಲದಲ್ಲಿ ಹೆಮಿಸೆಲ್ಯುಲೋಸಿನ ಬಹುಭಾಗ ಕರಗಿಹೋಗುತ್ತದೆ. ಕ್ಷಾರದಲ್ಲಿ ಲಿಗ್ನಿನ್ನು ಕರಗುತ್ತದೆ. ದ್ವಿದಳ ಸಸ್ಯಗಳಿಗಿಂತ ಹುಲ್ಲಿನ ಜಾತಿಯ ಸಸ್ಯಗಳಲ್ಲಿ ಈ ನಷ್ಟ ಹೆಚ್ಚು. ಸೆಲ್ಯುಲೋಸಿನ ಒಂದಂಶವೂ ಹೊರಟುಹೋಗುತ್ತದೆ. ಹೀಗೆ ಕರಗಿದ್ದೆಲ್ಲ ಎಲ್ಲಿಗೆ ಹೋಯಿತು? ಕಳೆದು ಉಳಿಸುವ ಲೆಕ್ಕದಲ್ಲಿ ಅದು ನೇರವಾಗಿ ಸಾರಜನಕರಹಿತ ಸಾರಕ್ಕೆ ಜಮೆಯಾಯಿತು. ಆದಕಾರಣ ಮೇವಿನಲ್ಲಿ ಎಲ್ಲಕ್ಕಿಂತ ಅಜೀರ್ಣಕರವಾದ ಲಿಗ್ನಿನ್ನು ‘ಸುಲಭವಾಗಿ ಜೀರ್ಣವಾಗುವ’ ಭಾಗದಲ್ಲಿ ಸೇರಿಕೊಂಡಿತು. ಪ್ರಾಣಿಗಳ ಮೇಲೆ ನಡೆಸಿದ ಜೀರ್ಣತಾ ಪ್ರಯೋಗಗಳಲ್ಲಿ, ವಿಶೇಷವಾಗಿ ಉಷ್ಣವಲಯದ ಒರಟು ಮೇವುಗಳಲ್ಲಿ, ಕಚ್ಚಾ ನಾರೇ ಸಾರಜನಕರಹಿತ ಸಾರಕ್ಕಿಂತ ಹೆಚ್ಚಾಗಿ ಜೀರ್ಣವಾದುದು ಅನೇಕ ವೇಳೆ ಕಂಡುಬಂದಿದೆ. ಹೆಸರು ಹೇಳುವುದಕ್ಕೂ ಹೊಟ್ಟೆ ಹೇಳುವುದಕ್ಕೂ ಇಷ್ಟು ವಿರೋಧವಿದ್ದಾಗ ಹೊಟ್ಟೆಯ ಮಾತನ್ನೇ ನಂಬಬೇಕಾಗುತ್ತದೆ.

ಆದರೂ ಕಚ್ಚಾ ನಾರನ್ನು ಸಂಪೂರ್ಣವಾಗಿ ತಳ್ಳಿಹಾಕಿದ್ದಾರೆಂದು ತಿಳಿಯಬಾರದು. ಮಿಶ್ರ ಪಶು ಆಹಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 2052 ಕಚ್ಚಾ ನಾರಿಗೆ ಗರಿಷ್ಠ ಮಿತಿಯನ್ನು ಹಾಕಿದೆ. ಹೊಟ್ಟು, ಸಿಪ್ಪೆ ಮೊದಲಾದುವನ್ನು ಬೆರಕೆ ಮಾಡಿರುವುದನ್ನು ಪತ್ತೆಹಚ್ಚಲು ಈ ಅಳತೆ ಉಪಯುಕ್ತವಾದುದೇ. ಹಸುವಿಗೆ ದೊರೆಯುವ ಶಕ್ತಿಯನ್ನು ಊಹಿಸುವುದಕ್ಕೆ ಮಾತ್ರ ಅದು ಯೋಗ್ಯವಲ್ಲ.

4. ಮಾರ್ಜಕ ಪದ್ಧತಿ

ಈ ತೊಡಕನ್ನು ಬಿಡಿಸಿದ ಕೀರ್ತಿ ಅಮೆರಿಕದ ಪೀಟರ್ ವಾನ್ ಸೂಸ್ಟ್ ಅವರಿಗೆ ಸಲ್ಲುತ್ತದೆ. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದಲ್ಲಿದ್ದಾಗ ಅವರು 1963ರಲ್ಲಿ ಆಮ್ಲ ಮಾರ್ಜಕ ನಾರಿನ ವಿಧಾನವನ್ನೂ, 1967ರಲ್ಲಿ ವೈನ್ ಅವರೊಡನೆ ತಟಸ್ಥ ಮಾರ್ಜಕ ನಾರಿನ ವಿಧಾನವನ್ನೂ ಪ್ರಕಟಿಸಿದರು. ಆಹಾರವನ್ನು ಆಮ್ಲ ಕ್ಷಾರಗಳಲ್ಲಿ ಬೇಯಿಸುವುದಕ್ಕೆ ಬದಲಾಗಿ, ಕೋಶದ ಒಳಗಿನ ವಸ್ತುಗಳನ್ನು ಸಾಬೂನಿನಂತಹ ಮಾರ್ಜಕದಿಂದ ತೊಳೆದುಹಾಕಿ ಗೋಡೆಯನ್ನು ಮಾತ್ರ ಉಳಿಸಿಕೊಳ್ಳುವುದು ಇದರ ತತ್ತ್ವ.

ಸೋಡಿಯಂ ಲಾರಿಲ್ ಸಲ್ಫೇಟು ಮುಂತಾದುವನ್ನೊಳಗೊಂಡ ತಟಸ್ಥ ದ್ರಾವಣದಲ್ಲಿ ಮಾದರಿಯನ್ನು ಒಂದು ಗಂಟೆ ಕುದಿಸಿದಾಗ ಸಕ್ಕರೆ, ಪ್ರೋಟೀನಿನ ಬಹುಭಾಗ, ಜಿಡ್ಡು, ಪೆಕ್ಟಿನ್ನು ಇವು ಕರಗುತ್ತವೆ. ಉಳಿಯುವುದು ಸೆಲ್ಯುಲೋಸು, ಹೆಮಿಸೆಲ್ಯುಲೋಸು ಮತ್ತು ಲಿಗ್ನಿನ್ನು. ಇದು ತಟಸ್ಥ ಮಾರ್ಜಕ ನಾರು. ಗಂಧಕಾಮ್ಲದಲ್ಲಿ ಬೆರೆಸಿದ ಬೇರೊಂದು ಮಾರ್ಜಕದಿಂದ ಕುದಿಸಿದರೆ ಹೆಮಿಸೆಲ್ಯುಲೋಸೂ ಕರಗಿ, ಆಮ್ಲ ಮಾರ್ಜಕ ನಾರು ಉಳಿಯುತ್ತದೆ. ಅದನ್ನು ಶೇಕಡ 72ರ ಗಂಧಕಾಮ್ಲದಿಂದ ಉಪಚರಿಸಿದರೆ ಸೆಲ್ಯುಲೋಸೂ ಕರಗಿ ಲಿಗ್ನಿನ್ನು ಉಳಿಯುತ್ತದೆ.

ಈ ಪದ್ಧತಿಯಲ್ಲಿಯೂ ಎಚ್ಚರ ಬೇಕಾದ ಎಡೆಗಳಿವೆ. ಪಿಷ್ಟವು ಹೆಚ್ಚಾಗಿರುವ ಆಹಾರದಲ್ಲಿ ಅದು ಪೂರ್ತಿಯಾಗಿ ಕರಗದೆ ನಾರಿನೊಡನೆ ಉಳಿದುಬಿಡುವುದುಂಟು, ಸೋಸುವುದೂ ಕಷ್ಟವಾಗುತ್ತದೆ. ಇದನ್ನು ತಪ್ಪಿಸಲು ಶಾಖಕ್ಕೆ ಕೆಡದ ಅಮೈಲೇಸ್ ಕಿಣ್ವವನ್ನು ಸೇರಿಸುತ್ತಾರೆ. ಸೋಡಿಯಂ ಸಲ್ಫೈಟನ್ನು ಸೇರಿಸಿದರೆ ನಾರಿಗೆ ಅಂಟಿದ ಪ್ರೋಟೀನು ಕಡಮೆಯಾಗುತ್ತದೆ. ಆದರೆ ಲಿಗ್ನಿನ್ನಿಗೂ ಧಕ್ಕೆ ತಗಲುತ್ತದೆ. ಕಣದಲ್ಲಿ ಬಡಿದು ಒಟ್ಟಿದ ಹುಲ್ಲಿನಲ್ಲಿ ಮಣ್ಣು ಸೇರಿರುವುದು ಸಾಮಾನ್ಯ. ಮಣ್ಣು ಮಾರ್ಜಕದಲ್ಲಿ ಕರಗದು. ಬೂದಿಯನ್ನು ಕಳೆಯದಿದ್ದರೆ ಅದೂ ನಾರೆಂದೇ ಎಣಿಕೆಯಾಗುತ್ತದೆ. ಸಿಲಿಕ ಹೇರಳವಾಗಿರುವ ಬತ್ತದ ಹುಲ್ಲಿನಲ್ಲಿ ಇನ್ನೊಂದು ತೊಡಕಿದೆ. ಗಿಡದೊಳಗಿನ ಸಿಲಿಕ ತಟಸ್ಥ ದ್ರಾವಣದಲ್ಲಿ ಬಹಳಮಟ್ಟಿಗೆ ಕರಗುತ್ತದೆ, ಆಮ್ಲ ದ್ರಾವಣದಲ್ಲಿ ಕರಗದೆ ನಿಲ್ಲುತ್ತದೆ. ಆದ್ದರಿಂದ ಮೊದಲನೆಯ ನಾರಿನಿಂದ ಎರಡನೆಯದನ್ನು ಕಳೆದು ಹೆಮಿಸೆಲ್ಯುಲೋಸನ್ನು ಲೆಕ್ಕಹಾಕಿದರೆ ಉತ್ತರವು ನಿಜಕ್ಕಿಂತ ಕಡಮೆ ಬರುತ್ತದೆ. ಅಮೈಲೇಸನ್ನು ಸೇರಿಸಿ, ಬೂದಿಯನ್ನು ಕಳೆದು ಪಡೆದ ಅಂಕಿಯನ್ನು ಇತರ ಅಂಕಿಗಳಿಂದ ಪ್ರತ್ಯೇಕಿಸುವುದಕ್ಕಾಗಿಯೇ ಇಂದು ‘ಎ-ಎನ್‌ಡಿಎಫ್-ಓಎಂ’ ಎಂಬ ಸಂಕೇತವನ್ನು ಬಳಸುತ್ತಾರೆ. ಅದರಲ್ಲಿ ‘ಎ’ ಎಂಬುದು ಅಮೈಲೇಸನ್ನೂ ‘ಓಎಂ’ ಎಂಬುದು ಬೂದಿ ಬಿಟ್ಟ ಸೇಂದ್ರಿಯ ಪದಾರ್ಥವನ್ನೂ ಸೂಚಿಸುತ್ತವೆ.

5. ಹೊಸ ಹೆಸರಿನಲ್ಲಿ ಹಳೆಯ ಲೆಕ್ಕ

ನಾರಿನ ಅಳತೆ ಸುಧಾರಿಸಿದ ಮೇಲೆ ಉಳಿಕೆಯ ಲೆಕ್ಕವೂ ಹೊಸ ರೂಪವನ್ನು ತಾಳಿತು. ತಟಸ್ಥ ಮಾರ್ಜಕ ನಾರು, ಕಚ್ಚಾ ಪ್ರೋಟೀನು, ಜಿಡ್ಡು, ಬೂದಿ ಇವುಗಳನ್ನು ನೂರರಿಂದ ಕಳೆದು ಉಳಿದುದನ್ನು ‘ನಾರಲ್ಲದ ಶರ್ಕರಪಿಷ್ಟ’ವೆಂದು ಕರೆದರು. ನಮ್ಮ ರಾಗಿ ಹುಲ್ಲಿನ ಎರಡು ವರದಿಗಳ ರಹಸ್ಯ ಇಲ್ಲಿದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ದುಂಡು ಅಂಕಿಗಳನ್ನು ಇಟ್ಟುಕೊಂಡರೆ, ಒಣ ಪದಾರ್ಥದ ನೂರು ಪಾಲಿನಲ್ಲಿ:

ಕಚ್ಚಾ ಪ್ರೋಟೀನು: 4
ಈಥರ್ ಸಾರ: 1
ಬೂದಿ: 9
ಕಚ್ಚಾ ನಾರು: 34
ತಟಸ್ಥ ಮಾರ್ಜಕ ನಾರು: 70

ಸಾರಜನಕರಹಿತ ಸಾರ: 100 − (4 + 1 + 9 + 34) = 52
ನಾರಲ್ಲದ ಶರ್ಕರಪಿಷ್ಟ: 100 − (4 + 1 + 9 + 70) = 16

ಎರಡು ಉತ್ತರಗಳ ನಡುವಣ 36 ಪಾಲು ಯಾವುದು? ಅದು ಬಹುಮಟ್ಟಿಗೆ ಕಚ್ಚಾ ನಾರಿನ ಅಳತೆಯಲ್ಲಿ ಕರಗಿಹೋದ ಹೆಮಿಸೆಲ್ಯುಲೋಸು, ಲಿಗ್ನಿನ್ನು ಮತ್ತು ಒಂದಿಷ್ಟು ಸೆಲ್ಯುಲೋಸು. ಮೊದಲ ವರದಿ ಅದನ್ನು ಪಿಷ್ಟ ಸಕ್ಕರೆಗಳ ಸಾಲಿನಲ್ಲಿಯೂ ಎರಡನೆಯದು ಗೋಡೆಯ ಸಾಲಿನಲ್ಲಿಯೂ ಎಣಿಸಿತು. ಇದರ ಪರಿಣಾಮವನ್ನು ತಿಳಿಯಲು ಮುಸುಕಿನ ಜೋಳದ ಕಾಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಕಾಳಿನ ಸಾರಜನಕರಹಿತ ಸಾರವನ್ನು 82 ಎಂದಿಟ್ಟುಕೊಂಡರೆ, ಹಳೆಯ ಲೆಕ್ಕದಲ್ಲಿ ರಾಗಿ ಹುಲ್ಲು ಕಾಳಿನ ಮೂರರಲ್ಲಿ ಎರಡು ಪಾಲಿಗೆ ಹತ್ತಿರವಾದಂತೆ ತೋರುತ್ತದೆ. ಪಿಷ್ಟವನ್ನು ನೇರವಾಗಿ ಅಳೆದರೆ ಕಾಳಿನಲ್ಲಿ ಸುಮಾರು 70 ದೊರೆಯುತ್ತದೆ. ಹುಲ್ಲಿನಲ್ಲಿ ಹೆಸರಿಗೆ ಮಾತ್ರ ದೊರೆಯುತ್ತದೆ.

ಆದರೆ ನಾರಲ್ಲದ ಶರ್ಕರಪಿಷ್ಟವೂ ಕಳೆದು ಉಳಿದ ಅಂಕಿಯೇ. ಹಿಂದೆ ಹೇಳಿದ ದೌರ್ಬಲ್ಯಗಳು ಇದನ್ನೂ ಬಿಟ್ಟಿಲ್ಲ. 52ರಲ್ಲಿ 2.5ರ ತಪ್ಪನ್ನು ಸಹಿಸಬಹುದು. 16ರಲ್ಲಿ ಅಷ್ಟೇ ತಪ್ಪು ಆರನೆಯ ಒಂದು ಪಾಲಿಗೆ ಸಮೀಪವಾಗುತ್ತದೆ. ಇದಲ್ಲದೆ ನಾರಿಗೆ ಅಂಟಿದ ಪ್ರೋಟೀನು ಎರಡು ಸಲ ಕಳೆದುಹೋಗುವ ಸಂಭವವಿದೆ: ಒಮ್ಮೆ ಪ್ರೋಟೀನಿನಲ್ಲಿ, ಇನ್ನೊಮ್ಮೆ ನಾರಿನಲ್ಲಿ. ಶಾಖಕ್ಕೆ ಸಿಕ್ಕಿದ ಹಿಂಡಿ ಮತ್ತು ಮದ್ಯದ ಕಾರ್ಖಾನೆಯ ಚರಟಗಳಲ್ಲಿ ಇದು ಅಲಕ್ಷಿಸತಕ್ಕ ಪ್ರಮಾಣವಲ್ಲ. ಇಂತಹ ಆಹಾರದ ನಾರಿನಲ್ಲಿ 5 ಪಾಲು ಪ್ರೋಟೀನು ಅಡಗಿದ್ದರೆ ಉಳಿಕೆಯಲ್ಲಿ 5 ಪಾಲು ಕೊರೆ ಬೀಳುತ್ತದೆ.

ಇನ್ನೂ ಮುಖ್ಯವಾದ ಮಾತೆಂದರೆ, ಈ ಹೆಸರಿನ ಕೆಳಗೆ ಸಕ್ಕರೆ, ಪಿಷ್ಟ, ಪೆಕ್ಟಿನ್ನು, ಸೇಂದ್ರಿಯ ಆಮ್ಲಗಳು ಎಲ್ಲವೂ ಒಟ್ಟುಗೂಡಿವೆ. ಕಿತ್ತಳೆಯ ಸಿಪ್ಪೆ ಮತ್ತು ತಿರುಳಿನ ಚರಟದಲ್ಲಿ ಪೆಕ್ಟಿನ್ನು ಹೇರಳ. ಅದು ರೂಮೆನ್‌ನಲ್ಲಿ ಬೇಗನೆ ಹುದುಗಿದರೂ ಪಿಷ್ಟದಂತೆ ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುವುದಿಲ್ಲ. ಹೀಗಿರಲು ಕಿತ್ತಳೆಯ ಚರಟದ 40 ಪಾಲನ್ನೂ ಜೋಳದ 40 ಪಾಲನ್ನೂ ಸಮವೆಂದು ಬಗೆಯುವುದು ಸರಿಯಲ್ಲ. ಈ ಕಾರಣಗಳಿಂದಲೇ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಹಾಲಿನ ದನಗಳ ಪೋಷಕಾಂಶಗಳನ್ನು ಕುರಿತು 2021ರಲ್ಲಿ ಪ್ರಕಟಿಸಿದ ಎಂಟನೆಯ ಆವೃತ್ತಿಯಲ್ಲಿ ಪಿಷ್ಟವನ್ನು ಪ್ರತ್ಯೇಕವಾಗಿ ಎಣಿಸಿ, ಮಿಕ್ಕುದನ್ನು ‘ಉಳಿಕೆಯ ಸೇಂದ್ರಿಯ ಪದಾರ್ಥ’ವೆಂದು ಕರೆದಿದ್ದಾರೆ. ಉಳಿಕೆಯನ್ನು ಉಳಿಕೆಯೆಂದೇ ಕರೆದಿರುವುದು ಪ್ರಾಮಾಣಿಕವಾದ ಕ್ರಮ.

6. ಪಿಷ್ಟದ ನೇರ ಅಳತೆ

ಪಿಷ್ಟವನ್ನು ಕಿಣ್ವಗಳಿಂದ ಗ್ಲೂಕೋಸಾಗಿ ಒಡೆದು, ಆ ಗ್ಲೂಕೋಸನ್ನು ಅಳೆಯುವುದು ಇಂದಿನ ವಿಧಾನ. ಮೊದಲು ನೀರಿನಲ್ಲಿ ಕಾಯಿಸಿ ಪಿಷ್ಟದ ಕಣಗಳು ಅರಳುವಂತೆ ಮಾಡಿ, ಶಾಖಕ್ಕೆ ಕೆಡದ ಅಮೈಲೇಸಿನಿಂದ ತುಂಡರಿಸುತ್ತಾರೆ. ಬಳಿಕ ಅಮೈಲೋಗ್ಲೂಕೋಸಿಡೇಸ್ ಎಂಬ ಕಿಣ್ವವು ಆ ತುಂಡುಗಳನ್ನು ಗ್ಲೂಕೋಸಾಗಿ ಬಿಡಿಸುತ್ತದೆ. ಕಿಣ್ವಗಳ ಬದಲು ಆಮ್ಲದಿಂದ ಒಡೆಯುವ ಹಳೆಯ ವಿಧಾನದಲ್ಲಿ ಹೆಮಿಸೆಲ್ಯುಲೋಸೂ ಒಡೆದು ಸಕ್ಕರೆಗಳನ್ನು ಕೊಡುವುದರಿಂದ ಒರಟು ಮೇವಿನಲ್ಲಿ ಇಲ್ಲದ ಪಿಷ್ಟ ಕಾಣಿಸಿಕೊಳ್ಳುತ್ತಿತ್ತು. ಧ್ರುವಿತ ಬೆಳಕಿನ ತಿರುವನ್ನು ನೋಡಿ ಪಿಷ್ಟವನ್ನು ಅಳೆಯುವ ವಿಧಾನವೂ ಧಾನ್ಯಗಳಿಗೆ ಒಗ್ಗುವುದೇ ಹೊರತು, ಬೀಟ್ ಗೆಡ್ಡೆಯ ಚರಟದಂತಹ ಪದಾರ್ಥಗಳಿಗೆ ಒಗ್ಗದು.

ಲೆಕ್ಕದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಪಿಷ್ಟವು ಒಡೆಯುವಾಗ ಒಂದೊಂದು ಗ್ಲೂಕೋಸಿಗೂ ಒಂದೊಂದು ನೀರಿನ ಅಣು ಸೇರುತ್ತದೆ; 162 ಪಾಲು ಪಿಷ್ಟ 180 ಪಾಲು ಗ್ಲೂಕೋಸಾಗುತ್ತದೆ. ಆದ್ದರಿಂದ ಗ್ಲೂಕೋಸಿನ ತೂಕವನ್ನು 0.9ರಿಂದ ಗುಣಿಸಬೇಕು. ಮಾದರಿಯಲ್ಲಿ ಮೊದಲೇ ಬಿಡಿಯಾಗಿದ್ದ ಗ್ಲೂಕೋಸನ್ನು ಅದಕ್ಕೆ ಮುಂಚೆ ಕಳೆಯಬೇಕು. ಜೋಳದ ಹಿಟ್ಟಿನ ಒಂದು ಗ್ರಾಮಿನಿಂದ 0.78 ಗ್ರಾಂ ಗ್ಲೂಕೋಸು ದೊರೆತು, ಅದರಲ್ಲಿ 0.01 ಗ್ರಾಂ ಮೊದಲೇ ಇದ್ದುದಾದರೆ, ಪಿಷ್ಟ 0.77 × 0.9 = 0.693 ಗ್ರಾಂ, ಎಂದರೆ ಶೇಕಡ 69.3. ಈ ಎರಡು ತಿದ್ದುಪಡಿಗಳನ್ನು ಮರೆತವನ ವರದಿಯಲ್ಲಿ ಶೇಕಡ 78 ಎಂದಿರುತ್ತದೆ. ಪ್ರಯೋಗ ಒಂದೇ, ಕೈ ಒಂದೇ. ಗುಣಾಕಾರದಲ್ಲಿ ಒಂಬತ್ತು ಪಾಲು ಪಿಷ್ಟ ಸೃಷ್ಟಿಯಾಯಿತು.

ಕಿಣ್ವದ ಶುದ್ಧತೆಯೂ ಮುಖ್ಯ. ಅದರಲ್ಲಿ ಸುಕ್ರೋಸನ್ನು ಒಡೆಯುವ ಕಿಣ್ವ ಬೆರೆತಿದ್ದರೆ, ಕಾಕಂಬಿ ಸೇರಿಸಿದ ಆಹಾರದಲ್ಲಿ ಸುಕ್ರೋಸಿನಿಂದ ಹೊರಟ ಗ್ಲೂಕೋಸು ಪಿಷ್ಟವಾಗಿ ಎಣಿಕೆಯಾಗುತ್ತದೆ. ಅಮೈಲೇಸಿನ ಹಂತವನ್ನು ತಟಸ್ಥ ದ್ರಾವಣದಲ್ಲಿ ನಡೆಸಿದರೆ ಮುಂದಿನ ಕಿಣ್ವಕ್ಕೆ ಬಗ್ಗದ ಮಾಲ್ಟುಲೋಸು ಉಂಟಾಗಿ ಅಂಕಿ ಕಡಮೆ ಬರುತ್ತದೆ. ಆದ್ದರಿಂದ ಸ್ವಲ್ಪ ಆಮ್ಲೀಯವಾದ ದ್ರಾವಣವೇ ಲೇಸು. ಶುದ್ಧ ಪಿಷ್ಟ, ಶುದ್ಧ ಗ್ಲೂಕೋಸು ಮತ್ತು ಶುದ್ಧ ಸುಕ್ರೋಸು ಈ ಮೂರನ್ನೂ ಮಾದರಿಗಳ ಜೊತೆಯಲ್ಲಿ ನಡೆಸಿ ನೋಡುವ ಪ್ರಯೋಗಶಾಲೆ ಇಂತಹ ತಪ್ಪುಗಳನ್ನು ತಾನೇ ಕಂಡುಕೊಳ್ಳುತ್ತದೆ.

7. ಸಕ್ಕರೆಗಳು

ಸಕ್ಕರೆಗಳ ವಿಷಯದಲ್ಲಿ ಯಾವ ದ್ರವದಿಂದ ಕರಗಿಸಿದರು ಎಂಬುದೇ ಮೊದಲನೆಯ ಪ್ರಶ್ನೆ. ನೀರಿನಲ್ಲಿ ಕರಗಿಸಿದರೆ ಬಿಡಿ ಸಕ್ಕರೆಗಳೊಡನೆ ಫ್ರಕ್ಟನ್ ಎಂಬ ಉದ್ದನೆಯ ಸರಪಣಿಗಳೂ ಬರುತ್ತವೆ. ಶೇಕಡ 80ರ ಮದ್ಯಸಾರದಲ್ಲಿ ಕರಗಿಸಿದರೆ ಉದ್ದನೆಯ ಫ್ರಕ್ಟನ್‌ಗಳು ಬಹುಮಟ್ಟಿಗೆ ಹಿಂದೆ ಉಳಿಯುತ್ತವೆ. ಎರಡನ್ನೂ ವರದಿಯಲ್ಲಿ ‘ಸಕ್ಕರೆ’ ಎಂದೇ ಬರೆಯುವುದುಂಟು.

ಎರಡನೆಯ ಪ್ರಶ್ನೆ, ಯಾವ ಸಕ್ಕರೆಯನ್ನು ಅಳತೆಗೋಲಾಗಿ ಇಟ್ಟುಕೊಂಡರು ಎಂಬುದು. 1956ರಲ್ಲಿ ಡುಬುವಾ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಫೀನಾಲ್ ಮತ್ತು ಗಂಧಕಾಮ್ಲದ ವಿಧಾನ ಸುಲಭವಾದುದು, ಎಲ್ಲೆಡೆಯೂ ಬಳಕೆಯಲ್ಲಿರುವುದು. ಆದರೆ ಬೇರೆ ಬೇರೆ ಸಕ್ಕರೆಗಳು ಅದರಲ್ಲಿ ಸಮಾನವಾದ ಬಣ್ಣವನ್ನು ಕೊಡುವುದಿಲ್ಲ. ಗ್ಲೂಕೋಸನ್ನು ಅಳತೆಗೋಲಾಗಿಟ್ಟಾಗ ಬರುವ ಅಂಕಿ ಒಂದು, ಸುಕ್ರೋಸನ್ನು ಇಟ್ಟಾಗ ಬರುವ ಅಂಕಿ ಇನ್ನೊಂದು. ಒಡೆದು ಅಳೆಯುವ ವಿಧಾನಗಳಲ್ಲಿ ನೀರಿನ ಲೆಕ್ಕವೂ ಇದೆ: 342 ಪಾಲು ಸುಕ್ರೋಸು ಒಡೆದು 360 ಪಾಲು ಸಕ್ಕರೆಗಳಾಗುತ್ತವೆ. ಒಡೆದ ಸಕ್ಕರೆಗಳ ಲೆಕ್ಕದಲ್ಲಿ 50 ಪಾಲಿರುವ ಕಾಕಂಬಿ, ಸುಕ್ರೋಸಿನ ಲೆಕ್ಕದಲ್ಲಿ 47.5 ಪಾಲು ಮಾತ್ರ.

8. ಮಾದರಿಯ ಜೋಪಾನ

ಪ್ರಯೋಗಶಾಲೆಯ ಬಾಗಿಲಿಗೆ ಬರುವ ಮುನ್ನವೇ ಶರ್ಕರಪಿಷ್ಟದ ಅಂಕಿ ಬದಲಾಗಬಲ್ಲದು. ಕೊಯ್ದ ಹಸಿರು ಮೇವು ಇನ್ನೂ ಜೀವಂತವಾಗಿದ್ದು ಉಸಿರಾಡುತ್ತದೆ. ಉಸಿರಾಟಕ್ಕೆ ಸುಡುವುದು ತನ್ನ ಸಕ್ಕರೆಯನ್ನೇ. ಗೋಣಿಯಲ್ಲಿ ತುಂಬಿ ಒಂದು ಹಗಲು ಇಟ್ಟ ಮೇವಿನಲ್ಲಿ ಸಕ್ಕರೆ ಇಳಿದಿರುತ್ತದೆ. ಬೆಳಗ್ಗೆ ಕೊಯ್ದ ಹುಲ್ಲಿಗಿಂತ ಬಿಸಿಲಿನ ದಿನದ ಇಳಿಹೊತ್ತಿನಲ್ಲಿ ಕೊಯ್ದ ಹುಲ್ಲಿನಲ್ಲಿ ಸಕ್ಕರೆ ಹೆಚ್ಚು. ಒಣಗಿಸುವಾಗ ಶಾಖ ಅತಿಯಾದರೆ ಸಕ್ಕರೆಯೂ ಪ್ರೋಟೀನೂ ಕೂಡಿಕೊಂಡು ಲಿಗ್ನಿನ್ನಿನಂತೆ ತೋರುವ ಕಂದು ವಸ್ತುವಾಗುತ್ತದೆ. ಸಕ್ಕರೆ ಕಡಮೆಯಾಗಿ ನಾರು ಹೆಚ್ಚಾದಂತೆ ಕಾಣುತ್ತದೆ. ಆದ್ದರಿಂದ ಸುಮಾರು 55ರಿಂದ 60 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ಗಾಳಿಯಾಡುವ ಒಲೆಯಲ್ಲಿ, ಬೇಗನೆ ಒಣಗಿಸುವುದು ಯುಕ್ತ. ಪುಡಿಯ ನಯವೂ ಗಣನೆಗೆ ಬರುತ್ತದೆ: ಅತಿ ನಯವಾಗಿ ಅರೆದ ಮಾದರಿಯಲ್ಲಿ ನಾರು ಕಡಮೆ ಬರುತ್ತದೆ. ಒಂದು ಮಿಲಿಮೀಟರ್ ಜರಡಿಯಲ್ಲಿ ಹಾಯುವ ಪುಡಿ ವಾಡಿಕೆಯಲ್ಲಿದೆ.

ಇಂದು ಅನೇಕ ಕಡೆಗಳಲ್ಲಿ ದ್ರಾವಣಗಳ ಗೋಜಿಲ್ಲದೆ ಅವಕೆಂಪು ಕಿರಣಗಳ ಉಪಕರಣದಿಂದ ಕ್ಷಣಮಾತ್ರದಲ್ಲಿ ಅಂಕಿಗಳನ್ನು ಪಡೆಯುತ್ತಾರೆ. ಈ ಉಪಕರಣವು ಪಿಷ್ಟವನ್ನಾಗಲಿ ನಾರನ್ನಾಗಲಿ ಅಳೆಯುವುದಿಲ್ಲ. ರಾಸಾಯನಿಕ ವಿಧಾನದಿಂದ ಅಳೆದ ಮಾದರಿಗಳನ್ನು ಮುಂದಿಟ್ಟು ಅದಕ್ಕೆ ಕಲಿಸಿಕೊಟ್ಟಿರುವ ಸಂಬಂಧದಿಂದ ಊಹಿಸುತ್ತದೆ. ಕಲಿಸಿದ ಅಂಕಿಗಳಲ್ಲಿನ ದೋಷ ಊಹೆಯಲ್ಲಿಯೂ ಇರುತ್ತದೆ. ಬೇರೆ ದೇಶದ ಹುಲ್ಲುಗಳನ್ನು ಕಲಿತ ಉಪಕರಣಕ್ಕೆ ರಾಗಿ ಹುಲ್ಲಿನ ಪರಿಚಯವಿರುವುದಿಲ್ಲ.

9. ವರದಿಯ ಕ್ರಮ

ಮೇಲಿನ ವಿವೇಚನೆಯಿಂದ ವರದಿಯಲ್ಲಿ ಇರಲೇಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು.

(ಅ) ಅಂಕಿಯು ಒಣ ಪದಾರ್ಥದ ಲೆಕ್ಕದ್ದೋ, ತೇವ ಸಮೇತವಾದ ಆಹಾರದ ಲೆಕ್ಕದ್ದೋ ಎಂಬುದು. ಶೇಕಡ 80ರಷ್ಟು ನೀರಿರುವ ಹಸಿರು ಮೇವಿನಲ್ಲಿ ಈ ಎರಡು ಲೆಕ್ಕಗಳು ಐದರಷ್ಟು ಅಂತರವುಳ್ಳವಾಗುತ್ತವೆ.

(ಆ) ಅಂಕಿಯು ಅಳೆದುದೋ ಕಳೆದು ಉಳಿದುದೋ ಎಂಬುದು. ಕಳೆದು ಉಳಿದುದಾದರೆ ಯಾವ ಯಾವುದನ್ನು ಕಳೆದಿದೆಯೆಂಬುದನ್ನೂ ಹೇಳಬೇಕು.

(ಇ) ನಾರಿನ ಅಂಕಿಗೆ ಅಮೈಲೇಸು ಮತ್ತು ಸಲ್ಫೈಟುಗಳ ಉಪಯೋಗವನ್ನೂ ಬೂದಿಯನ್ನು ಕಳೆದಿದೆಯೋ ಇಲ್ಲವೋ ಎಂಬುದನ್ನೂ ತಿಳಿಸಬೇಕು.

(ಈ) ಪಿಷ್ಟದ ಅಂಕಿಯನ್ನು ಪಿಷ್ಟವಾಗಿ ಹೇಳಿದೆಯೋ ಗ್ಲೂಕೋಸಾಗಿ ಹೇಳಿದೆಯೋ ಎಂಬುದು. ಬಿಡಿ ಗ್ಲೂಕೋಸನ್ನು ಕಳೆದಿದೆಯೇ ಎಂಬುದು.

(ಉ) ಸಕ್ಕರೆಗಳಿಗೆ ಕರಗಿಸಿದ ದ್ರವವನ್ನೂ ಅಳತೆಗೋಲಾದ ಸಕ್ಕರೆಯನ್ನೂ ಹೆಸರಿಸಬೇಕು.

(ಊ) ಕಳೆದು ಪಡೆದ ಅಂಕಿಯನ್ನು 16.37 ಎಂಬಂತೆ ದಶಾಂಶಗಳವರೆಗೆ ಬರೆಯುವುದು ಇಲ್ಲದ ನಿಖರತೆಯನ್ನು ತೋರಿಸಿದಂತೆ. 16 ಎಂದರೆ ಸಾಕು.

ಇವೆಲ್ಲ ಸೇರಿ ವರದಿಯಲ್ಲಿ ನಾಲ್ಕೈದು ಪಂಕ್ತಿಗಳಾಗಬಹುದು. ಅಷ್ಟು ಶ್ರಮ ಅಗತ್ಯವೇ ಎಂದು ಕೇಳುವವರಿಗೆ ನಮ್ಮ ಹಾಲಿನ ಸಂಘಗಳನ್ನು ತೋರಿಸಬಹುದು. ಅಲ್ಲಿ ಹಾಲಿಗೆ ಬೆಲೆ ಕಟ್ಟುವುದು ಜಿಡ್ಡು ಮತ್ತು ಜಿಡ್ಡಲ್ಲದ ಘನಾಂಶಗಳನ್ನು ನೋಡಿ. ನಾರು ಕಡಮೆಯಾಗಿ ಪಿಷ್ಟ ಅತಿಯಾದ ಆಹಾರದಿಂದ ರೂಮೆನ್‌ನಲ್ಲಿ ಅಸಿಟಿಕ್ ಆಮ್ಲದ ಪಾಲು ತಗ್ಗುತ್ತದೆ, ಹಾಲಿನ ಜಿಡ್ಡು ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಪಿಷ್ಟ ಸಾಲದ ಆಹಾರದಿಂದ ಹಾಲೇ ಇಳಿಯುತ್ತದೆ. ಈ ಎರಡರ ನಡುವೆ ಹದವನ್ನು ಕಂಡುಕೊಳ್ಳಬೇಕಾದವನಿಗೆ ಪಿಷ್ಟವನ್ನೂ ಲಿಗ್ನಿನ್ನನ್ನೂ ಒಂದೇ ಅಂಕಿಯಲ್ಲಿ ಕಟ್ಟಿಕೊಟ್ಟರೆ ಏನು ಪ್ರಯೋಜನ?

ರಾಗಿ ಹುಲ್ಲಿನ ಮಾದರಿಗೆ ಹಿಂತಿರುಗಿ ನೋಡಿದರೆ, ಸರಿಯಾದ ವರದಿ 52 ಎಂದಾಗಲಿ 16 ಎಂದಾಗಲಿ ಹೇಳಿ ಸುಮ್ಮನಾಗುವುದಿಲ್ಲ. ಒಣ ಪದಾರ್ಥದ ಲೆಕ್ಕದಲ್ಲಿ ಕೋಶದ ಗೋಡೆ 70, ಅದರಲ್ಲಿ ಲಿಗ್ನಿನ್ನು ಇಂತಿಷ್ಟು, ಪಿಷ್ಟ ಅತ್ಯಲ್ಪ, ಅಳೆಯದೆ ಉಳಿದುದು 16 ಎಂದು ಹೇಳುತ್ತದೆ. ಇದನ್ನೋದಿದವನಿಗೆ ಈ ಹುಲ್ಲು ನಿಧಾನವಾಗಿ ಹುದುಗಿ ಹೊಟ್ಟೆ ತುಂಬುವ ಮೇವೆಂಬುದೂ, ಕರೆಯುವ ಹಸುವಿಗೆ ಇದರ ಜೊತೆಯಲ್ಲಿ ಧಾನ್ಯ, ಹಿಂಡಿಗಳು ಅವಶ್ಯವೆಂಬುದೂ ಕೂಡಲೇ ಮನದಟ್ಟಾಗುತ್ತದೆ. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳಿಗೆ ಸ್ಥೂಲ ವಿಶ್ಲೇಷಣೆಯನ್ನು ಕಲಿಸುವ ಅಧ್ಯಾಪಕರು ಐದು ಅಳತೆಗಳನ್ನು ಕಲಿಸುವುದರ ಜೊತೆಗೆ, ಆರನೆಯದು ಅಳತೆಯಲ್ಲ ಎಂಬ ಮಾತನ್ನೂ ಮೊದಲ ದಿನವೇ ತಿಳಿಸಿಕೊಡುವುದು ಒಳ್ಳೆಯದು.